ಮಹಡಿ ಕೋಣೆಯ ಗೋಡೆಗೆ ಬೆಳ್ಳಿ ಹಾಳೆ

ಮೇ 14

ಮಗಳೇ,

ನಿನ್ನ ಕಾಗದ ತಲುಪಿತು. ಅಂಚೆಯವನು ಲಕೋಟೆಯನ್ನು ತಿರುವಿ ಮುರುವಿ ನೋಡಿ, "ನಿಮಗೂ ಕಾಗದ ಬರುತ್ತಾ ಯಜಮಾನ್ರೇ?" ಎಂದ. "ನನಗೂ ಒಬ್ಬಳು ಮಗಳಿದಾಳಪ್ಪ, ಮನೆ ರಿಪೇರಿಗೆ ಬಂದಾಗ ಅಪ್ಪ ನೆನಪಾಗ್ತಾನೆ" ಎಂದೆ. ಅವನು ನಕ್ಕು ಹೋದ.

ಹಳೆಯ ಮನೆ ಕೊಂಡಿದ್ದೀರಿ, ಗೋಡೆ ಸೂರು ಎಲ್ಲ ಬಿಚ್ಚಿ ಸರಿಮಾಡಿಸುತ್ತಿದ್ದೀರಿ, ಚಳಿ ಶುರುವಾಗುವ ಮೊದಲು ಬಂದು ನಿಮ್ಮ ಜೊತೆಯೇ ಇರಬೇಕು ಎಂದು ಬರೆದಿದ್ದೀಯ. ಯೋಚಿಸಿ ಹೇಳುತ್ತೇನೆ. ಯೋಚಿಸಿ ಆಯಿತು, ಬರುತ್ತೇನೆ. ಈ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆಯೊಳಗೆ ಹರಿದ ಹಾರ್ಮೋನಿಯಂ ಬಾರಿಸಿದ ಹಾಗಾಗುತ್ತದೆ. ಇನ್ನೊಂದು ಚಳಿಗಾಲವನ್ನು ಇಲ್ಲಿ ಕಳೆದರೆ ಮುಂದಿನದಕ್ಕೆ ನೀವಿರುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದಾರೆ. ಅದೂ ಅಲ್ಲದೆ ಚಿಟ್ಟುವನ್ನು ನಾನು ನೋಡಿದ್ದು ತೊಟ್ಟಿಲಲ್ಲಿ. ಈಗ ಸ್ಕೂಲಿಗೆ ಹೋಗುತ್ತಾಳಂತೆ. ಮೊಮ್ಮಗಳಿಗೆ ತಾತನ ಮುಖ ಗೊತ್ತಾಗುವುದು ಬೇಡವೇ.

ಇನ್ನು ಕೆಲಸದ ಮಾತು. ಇಡೀ ಮನೆಗೆ ಥರ್ಮೋಕೋಲ್ ಬಡಿದುಬಿಡೋಣ ಎಂದು ಅಳಿಯಂದಿರು ಹೇಳಿದರಂತೆ. ಕನ್ನಡಕದ ಅಂಗಡಿ ಇಟ್ಟವರು ಕನ್ನಡಕ ಮಾರಲಿ. ಜೀವಮಾನವೆಲ್ಲ ಊರವರ ಮನೆಗೆ ಚಳಿ ತಡೆಯುವ ಇನ್ಸುಲೇಷನ್ ಹಾಕಿದವನು ಹೇಳುತ್ತೇನೆ, ಕೇಳು. ಮನೆಯೆಂದರೆ ಒಂದೇ ಮೈಯಲ್ಲ. ತಲೆಗೆ ಹಾಕುವ ಟೋಪಿಯನ್ನು ಕಾಲಿಗೆ ಹಾಕಿಕೊಳ್ಳುತ್ತೀಯಾ?

ಸೂರಿನ ಕೆಳಗೆ ಗಾಜಿನ ಉಣ್ಣೆ, ದಪ್ಪಗೆ. ಅದನ್ನು ಒತ್ತಿ ತುರುಕಬಾರದು. ಬೆಚ್ಚಗಿಡುವುದು ಉಣ್ಣೆಯಲ್ಲ, ಅದರೊಳಗೆ ಸಿಕ್ಕಿಕೊಂಡಿರುವ ಗಾಳಿ. ಒತ್ತಿದರೆ ಗಾಳಿ ಹೋಯಿತು, ಉಳಿಯುವುದು ಬರೀ ನವೆ. ನೆಲದ ಅಡಿಗೆ ಗಟ್ಟಿ ಫೋಮ್ ಬೋರ್ಡು. ಅದು ಭಾರ ತಡೆಯುತ್ತದೆ, ನೀರು ಕುಡಿಯುವುದಿಲ್ಲ. ಅಡುಗೆಮನೆಯ ಒಲೆಯ ಹಿಂದೆ ಕಲ್ಲಿನ ಉಣ್ಣೆ, ಯಾಕೆಂದರೆ ಅದಕ್ಕೆ ಬೆಂಕಿ ಹತ್ತುವುದಿಲ್ಲ. ಥರ್ಮೋಕೋಲನ್ನು ಒಲೆಯ ಹತ್ತಿರ ಸುಳಿಯಗೊಡಬೇಡ. ಬಿಸಿನೀರಿನ ಪೈಪಿಗೆ ರಬ್ಬರಿನ ಕೊಳವೆ ತೊಡಿಸಿದರೆ ಸಾಕು.

ಬಿಸಿಲೇ ಬೀಳದ ಉತ್ತರದ ಗೋಡೆಗೆ ಮಾತ್ರ ಜುಗ್ಗತನ ಮಾಡಬೇಡ. ಅಲ್ಲಿಗೆ ದಪ್ಪನೆಯ ಕಲ್ಲಿನ ಉಣ್ಣೆ, ಅದರ ಮೇಲೆ ಕೋಣೆಯ ಕಡೆಗೆ ಪ್ಲಾಸ್ಟಿಕ್ ಹಾಳೆ. ಅಂಗಡಿಯವರು ಬೆಳ್ಳಿ ಹಾಳೆ, ಅಂದರೆ ಹೊಳೆಯುವ ಅಲ್ಯೂಮಿನಿಯಂ ಹಾಳೆ, ತೋರಿಸಿ ಮರುಳು ಮಾಡುತ್ತಾರೆ. ಆ ಹಾಳೆಯನ್ನು ತಣ್ಣನೆಯ ಗೋಡೆಗೆ ನೇರವಾಗಿ ಅಂಟಿಸುವುದೂ ಒಂದೇ, ಚಾಕೊಲೇಟಿನ ಕಾಗದ ಅಂಟಿಸುವುದೂ ಒಂದೇ. ಹಿಂದೆ ನೀರು ಕಟ್ಟಿಕೊಂಡು ಬೂಷ್ಟು ಹಿಡಿಯುತ್ತದೆ, ಅಷ್ಟೇ ಲಾಭ.

ಇನ್ನೂ ಉಸಿರಾಡುತ್ತಿರುವ,
ನಿನ್ನ ಅಪ್ಪ


ಜೂನ್ 2

ಅಪ್ಪ,

ನೀವು ಬರೆದದ್ದನ್ನು ಮೇಸ್ತ್ರಿಗೆ ಓದಿ ಹೇಳಿದೆ. "ಬಾಯಿ ಜೋರಿದ್ರೂ ಹೇಳಿದ್ದೆಲ್ಲ ಸರಿಯಾಗಿದೆ" ಎಂದರು. ಸೂರು ಮತ್ತು ನೆಲ ನೀವು ಹೇಳಿದಂತೆಯೇ ಆಗುತ್ತಿವೆ. ಥರ್ಮೋಕೋಲಿನ ಆಸೆಯನ್ನು ನಿಮ್ಮ ಅಳಿಯ ಬಿಟ್ಟಿದ್ದಾರೆ.

ಕೋಣೆಗಳ ವಿಷಯ ಬರೆಯುತ್ತೇನೆ. ಮಲಗಲು ಉಳಿದಿರುವುದು ಎರಡು ಕೋಣೆ. ಒಂದು ಕೆಳಗೆ, ಅಡುಗೆಮನೆಗೆ ಅಂಟಿಕೊಂಡು, ಬೆಳಗ್ಗೆಯೆಲ್ಲ ಬಿಸಿಲು ಬರುವಂಥದ್ದು. ಇನ್ನೊಂದು ಮಹಡಿಯ ಮೇಲೆ, ಉತ್ತರಕ್ಕೆ. ಕೆಳಗಿನದು ನಿಮಗೆ, ಮೇಲಿನದು ಅತ್ತೆಗೆ. ನಮ್ಮ ಅತ್ತೆಯೂ ಇನ್ನು ಮುಂದೆ ಇಲ್ಲೇ ಇರುತ್ತಾರೆ. ಹೀಗೆ ಹಂಚಿದ್ದು ಅವರೇ. "ನಿಮ್ಮಪ್ಪನಿಗೆ ಎದೆ ಸರಿಯಿಲ್ಲ, ಮೆಟ್ಟಿಲು ಬೇಡ. ನನ್ನ ಕಾಲು ಗಟ್ಟಿಯಾಗಿದೆ, ಕೈ ಬೆರಳು ತಾನೇ ಕೆಟ್ಟಿರೋದು" ಎಂದರು. ಚಳಿಗೆ ಅವರ ಬೆರಳುಗಳು ಊದಿಕೊಂಡು ಲೋಟ ಹಿಡಿಯಲೂ ಬರುವುದಿಲ್ಲ.

ಈಗ ಒಂದು ತೊಡಕು. ದಪ್ಪನೆಯ ಕಲ್ಲಿನ ಉಣ್ಣೆ ಒಂದು ಕೋಣೆಗೆ ಆಗುವಷ್ಟು ಮಾತ್ರ ಇದೆ. ಇನ್ನಷ್ಟು ಬರುವುದು ಚಳಿಗಾಲ ಕಳೆದ ಮೇಲೆಯೇ. ಯಾವ ಕೋಣೆಗೆ ಹಾಕಿಸಲಿ? ಇನ್ನೊಂದಕ್ಕೆ ಏನು ಹಾಕಿಸಲಿ? ಇದರಲ್ಲಿ ನಿಮ್ಮ ಮಾತೇ ಕೊನೆ. ನೀವು ಹೇಳಿದ ಹಾಗೆ ಮಾಡಿಸುತ್ತೇನೆ.

ಚಿಟ್ಟುವಿಗೆ ಮುಂದಿನ ಹಲ್ಲೊಂದು ಬಿದ್ದಿದೆ. ತಾತ ಯಾವಾಗ ಬರುತ್ತಾರೆ ಎಂದು ಕೇಳುತ್ತಿರುತ್ತಾಳೆ.

ನಿಮ್ಮ ಮಗಳು


ಜೂನ್ 11

ಮಗಳೇ,

ಬೀಗಿತ್ತಿಯವರು ನನ್ನ ಎದೆಯ ಬಗ್ಗೆ ಇಷ್ಟೊಂದು ಕಾಳಜಿ ಇಟ್ಟುಕೊಂಡಿದ್ದಾರೆಂದು ತಿಳಿದು ಕಣ್ಣಲ್ಲಿ ನೀರು ಬಂತು. ನಿನ್ನ ಮದುವೆಯ ದಿನ ನಾನು ಕೂತು ಎದ್ದ ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಸಿದ್ದು ಇದೇ ಮಹಾತಾಯಿ. "ಗಾಜಿನ ಪುಡಿ ಮೈಗೆಲ್ಲ ಅಂಟಿರುತ್ತೆ, ಮಕ್ಕಳು ಕೂರ್ತಾರೆ" ಎಂದರು. ಮಗಳ ಮದುವೆಗೆ ಹೊಸ ಅಂಗಿ ಹೊಲಿಸಿಕೊಂಡು ಹೋಗಿದ್ದೆ. ನೀನು ಪಕ್ಕದಲ್ಲೇ ನಿಂತಿದ್ದೆ, ನಿನ್ನ ಬಾಯಿಗೆ ಬೀಗ ಬಿದ್ದಿತ್ತು. ಇರಲಿ, ಹಳೆಯ ಮಾತು.

ಕಲ್ಲಿನ ಉಣ್ಣೆಯನ್ನು ಕೆಳಗಿನ ಕೋಣೆಗೆ ಹಾಕಿಸು. ನನಗೋಸ್ಕರ ಹೇಳುತ್ತಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯೆಂದರೆ ಬೆಂಕಿಯ ಭಯ, ಪಾತ್ರೆಯ ಸದ್ದು, ನೂರೆಂಟು ಕಾಟ. ಅದಕ್ಕೆ ಅದೇ ಸರಿ. ಎಲ್ಲ ಗೋಡೆಗೂ ಹಾಕಿಸು, ಎಲ್ಲೂ ಕಡಿಮೆ ಮಾಡಬೇಡ.

ಮೇಲಿನ ಕೋಣೆಗೆ ಬೆಳ್ಳಿ ಹಾಳೆ ಸಾಕು. ತೆಳ್ಳಗಿರುವುದರಿಂದ ಜಾಗ ಉಳಿಯುತ್ತದೆ, ನೋಡಲೂ ಚೆಂದ, ಬೀಗಿತ್ತಿಯವರಿಗೆ ಒರೆಸುವುದೂ ಸುಲಭ. ಗೋಡೆಗೆ ನೇರವಾಗಿ ಅಂಟಿಸಿ ಮೇಲೆ ಬಣ್ಣದ ಹಲಗೆ ಹೊಡೆದರೆ ಮುಗಿಯಿತು. ಒಂದೇ ದಿನದ ಕೆಲಸ.

ಚಿಟ್ಟುವಿಗೆ ಹೇಳು, ಬಿದ್ದ ಹಲ್ಲನ್ನು ತಾತನಿಗೆ ಎತ್ತಿಡಲಿ. ನನ್ನ ಬಾಯಲ್ಲಿ ಜಾಗ ಬೇಕಾದಷ್ಟಿದೆ.

ನಿನ್ನ ಅಪ್ಪ


ಜೂನ್ 20

ಅಪ್ಪ,

ನನ್ನದೇ ತಪ್ಪು ತಿಳಿವಳಿಕೆ ಇರಬಹುದು. ಉತ್ತರದ ಗೋಡೆಗೆ ಬೆಳ್ಳಿ ಹಾಳೆ ಅಂಟಿಸಿದರೆ ಹಿಂದೆ ನೀರು ಕಟ್ಟಿ ಬೂಷ್ಟು ಹಿಡಿಯುತ್ತದೆ ಎಂದು ಮೇ ತಿಂಗಳಲ್ಲಿ ನೀವೇ ಬರೆದಿದ್ದಿರಿ. ಆಗ ಆ ಕೋಣೆಯಲ್ಲಿ ಯಾರು ಮಲಗುತ್ತಾರೆಂದು ನಾನು ತಿಳಿಸಿರಲಿಲ್ಲ. ಈಗ ಅದೇ ಗೋಡೆಗೆ ಅದೇ ಹಾಳೆ ಸಾಕು ಎನ್ನುತ್ತಿದ್ದೀರಿ. ಗೋಡೆ ಬದಲಾಗಿಲ್ಲ.

ಮೇಸ್ತ್ರಿ ಗೊಂದಲದಲ್ಲಿದ್ದಾರೆ. "ಯಜಮಾನ್ರಿಗೆ ಇನ್ನೊಂದು ಸಲ ಕೇಳಿಬಿಡಿ ಅಮ್ಮ, ವಯಸ್ಸಾದೋರು ಮಲಗೋ ಜಾಗ" ಎಂದರು. ಅದಕ್ಕೇ ಕೇಳುತ್ತಿದ್ದೇನೆ. ಆ ಕೋಣೆಯಲ್ಲಿ ನೀವಾದರೆ ಮಲಗುತ್ತಿದ್ದಿರಾ?

ನಿನ್ನೆ ಆ ಗೋಡೆಗೆ ಕೈಯಿಟ್ಟು ನೋಡಿದೆ. ಬೇಸಿಗೆಯಲ್ಲೂ ತಣ್ಣಗಿತ್ತು. ಅಮ್ಮನ ಮಂಚದ ಮೇಲ್ಗಡೆಯಿದ್ದ ತಗಡಿನ ಸೂರು ನೆನಪಾಯಿತು.

ನಿಮ್ಮ ಮಗಳು


ಜೂನ್ 28

ಮಗಳೇ,

ನಾಲ್ಕಕ್ಷರ ಕಲಿತವರ ಹಣೆಬರಹವೇ ಇಷ್ಟು, ಕಾಗದ ಎತ್ತಿಟ್ಟುಕೊಂಡು ಅಪ್ಪನಿಗೇ ಪಾಟೀಸವಾಲು. ಮೇ ತಿಂಗಳಲ್ಲಿ ನಾನು ಬರೆದದ್ದು ಸಾಮಾನ್ಯ ಗೋಡೆಯ ಮಾತು. ಮಹಡಿಯ ಗೋಡೆಯ ಲೆಕ್ಕವೇ ಬೇರೆ. ಕೆಳಗಿನ ಬಿಸಿ ಮೇಲಕ್ಕೇರುತ್ತದೆ, ಗೋಡೆ ತಾನಾಗಿಯೇ ಒಣಗುತ್ತದೆ. ಇದು ಪುಸ್ತಕದಲ್ಲಿ ಸಿಗುವುದಿಲ್ಲ, ಕೈ ಕೆಲಸದಲ್ಲಿ ಗೊತ್ತಾಗುವಂಥದ್ದು. ನಿನ್ನ ಮೇಸ್ತ್ರಿಗೆ ಹೇಳು, ನಾನು ಚಡ್ಡಿ ಹಾಕಿದ ಹುಡುಗರಿಗೆ ಕೆಲಸ ಕಲಿಸಿ ಮೇಸ್ತ್ರಿ ಮಾಡಿದವನು ಎಂದು.

ಆ ಕೋಣೆಯಲ್ಲಿ ಮಲಗುತ್ತೇನೆಯೇ ಎಂದು ಕೇಳಿದ್ದೀಯ. ಬೇಕಾದರೆ ಇಡೀ ಚಳಿಗಾಲ ಮಲಗಿ ತೋರಿಸುತ್ತೇನೆ. ಆಯಿತೇ?

ನಿಮ್ಮ ಅಮ್ಮನನ್ನು ನಡುವೆ ಎಳೆಯಬೇಡ. ಅವಳಿಗೆ ಇದ್ದದ್ದು ಚಳಿಯಲ್ಲ, ಹಟ. ನಾನು ಮನೆಗೆ ಬಂದ ಕೂಡಲೇ ಹಲ್ಲು ಕಟಕಟ ಅನ್ನಿಸುತ್ತಿದ್ದಳು.

ನಿನ್ನ ಅಪ್ಪ


ಆಗಸ್ಟ್ 30

ಮಗಳೇ,

ಎರಡು ತಿಂಗಳಿಂದ ನಿನ್ನ ಸುದ್ದಿಯಿಲ್ಲ. ಮನೆ ಕೆಲಸದಲ್ಲಿ ಮುಳುಗಿರುತ್ತೀಯ ಎಂದುಕೊಂಡು ಸುಮ್ಮನಿದ್ದೆ. ಈ ಕೋಣೆ ಬಿಡುತ್ತೇನೆಂದು ಮನೆಯೊಡೆಯನಿಗೆ ಹೇಳಿಯಾಗಿದೆ. ಅವನು ಕಾಯುತ್ತಿದ್ದವನ ಹಾಗೆ ಮಾರನೆಯ ದಿನವೇ ಗಂಡ ಹೆಂಡತಿಯನ್ನು ಕರೆತಂದು ತೋರಿಸಿದ. ಅವರು ನನ್ನ ಮಂಚ ಇರುವ ಜಾಗದಲ್ಲಿ ಬೀರು ಇಡಬಹುದೆಂದು ನನ್ನ ಮುಂದೆಯೇ ಮಾತಾಡಿಕೊಂಡರು. ಅಕ್ಟೋಬರ್ ಕೊನೆಗೆ ಖಾಲಿ ಮಾಡಬೇಕು.

ಸ್ಟೌ, ಪಾತ್ರೆ ಎಲ್ಲ ಕೊಟ್ಟುಬಿಟ್ಟೆ. ಕೆಲಸದ ಚಾಕು ಒಂದನ್ನು ಇಟ್ಟುಕೊಂಡಿದ್ದೇನೆ. ಚಿಟ್ಟುವಿಗೆ ಫೋಮಿನ ತುಂಡಿನಲ್ಲಿ ಪುಟ್ಟ ಮನೆ ಕೊರೆದುಕೊಡೋಣ ಎಂದು.

ಕೆಳಗಿನ ಕೋಣೆ ಮುಗಿಯಿತೇ? ಬರೆ.

ನಿನ್ನ ಅಪ್ಪ


ಅಕ್ಟೋಬರ್ 9

ಅಪ್ಪ,

ಎರಡು ಕೋಣೆಯೂ ಮುಗಿದಿವೆ. ಕೆಳಗಿನ ಕೋಣೆ ಚೆನ್ನಾಗಿ ಬಂದಿದೆ. ಕಿಟಕಿ ಮುಚ್ಚಿ ಕೂತರೆ ಹೊರಗಿನ ಚಳಿಯೂ ಗೊತ್ತಾಗುವುದಿಲ್ಲ, ಅಡುಗೆಮನೆಯ ಸದ್ದೂ ಕೇಳುವುದಿಲ್ಲ. ಮೇಲಿನದಕ್ಕೆ ಬೆಳ್ಳಿ ಹಾಳೆ ಅಂಟಿಸಿ ಹಲಗೆ ಹೊಡೆಸಿದ್ದೇನೆ. ಎರಡೂ ನೀವು ಹೇಳಿದ ಹಾಗೆಯೇ.

ಕೆಳಗಿನ ಕೋಣೆಗೆ ಅತ್ತೆ ಬಂದಿದ್ದಾರೆ. ನಿಮ್ಮ ಹಾಸಿಗೆಯನ್ನು ಮೇಲೆ ಹಾಸಿಟ್ಟಿದ್ದೇನೆ. "ನಮ್ಮಪ್ಪನೇ ಮೇಲಿರ್ತೀನಿ ಅಂದ್ರು" ಎಂದು ಅತ್ತೆಗೆ ಹೇಳಿದೆ. "ಎಷ್ಟು ದೊಡ್ಡ ಮನಸ್ಸು ಅವರದು" ಎಂದು ಅವರು ಇವತ್ತಿಗೂ ಹೇಳುತ್ತಿದ್ದಾರೆ. ನಾನು ಅವರಿಗೆ ಬೇರೆ ಏನನ್ನೂ ತಿಳಿಸಿಲ್ಲ.

ನಿಮಗೆ ಮಾತ್ರ ತಿಳಿಸುತ್ತೇನೆ. ಕಲ್ಲಿನ ಉಣ್ಣೆ ಎರಡು ಕೋಣೆಗೂ ಆಗುವಷ್ಟು ಮೊದಲ ದಿನವೇ ಬಂದಿತ್ತು. ಒಂದೇ ಕೋಣೆಗೆ ಇದೆ ಎಂದು ಬರೆದದ್ದು ಸುಳ್ಳು. ನೀವು ಯಾರನ್ನು ಚಳಿಯಲ್ಲಿ ಮಲಗಿಸುತ್ತೀರಿ ಎಂದು ನನಗೆ ನೋಡಬೇಕಿತ್ತು. ಆ ಹೆಂಗಸಿಗೇ ಹಾಕಿಸು ಎಂದು ನೀವು ಬರೆದಿದ್ದರೆ ಅದೇ ವಾರ ಎರಡೂ ಕೋಣೆ ಮುಗಿಸಿ ನಿಮ್ಮನ್ನು ಕೆಳಗಿನದಕ್ಕೆ ಕರೆಸಿಕೊಳ್ಳುತ್ತಿದ್ದೆ. ಒಂದು ಸಲ ಬರೆದಿರಿ, ಹೋಗಲಿ ಎಂದು ಇನ್ನೊಂದು ಸಲ ಕೇಳಿದೆ. ನೀವು ಮಹಡಿಯ ಗೋಡೆಗೆ ಬೇರೆ ಲೆಕ್ಕ ಎಂದು ಬರೆದಿರಿ.

ಕುರ್ಚಿ ಒರೆಸಿದ್ದು ತಪ್ಪೇ. ಅದಕ್ಕಾಗಿ ಅತ್ತೆ ನನ್ನ ಬಳಿ ಎಷ್ಟೋ ಸಲ ನೊಂದುಕೊಂಡಿದ್ದಾರೆ. ನನಗೆ ನೆನಪಿರುವುದು ಬೇರೆ. ಅಮ್ಮ ಹಾಸಿಗೆ ಹಿಡಿದ ವರ್ಷ ಅವಳ ಮಂಚದ ಮೇಲ್ಗಡೆ ಸೂರಿಗೆ ಬರೀ ತಗಡು ಇತ್ತು. ಬೆಳಗಾದರೆ ತಗಡಿನಿಂದ ಅವಳ ಹಣೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. "ಒಂದು ಚೂರು ಏನಾದರೂ ಹೊಡೀರಿ" ಎಂದು ಅವಳು ಕೇಳಿದಾಗಲೆಲ್ಲ ನೀವು ನಾಳೆ ಎನ್ನುತ್ತಿದ್ದಿರಿ. ಆ ಚಳಿಗಾಲ ಕೆಲಸದಲ್ಲಿ ಮಿಕ್ಕ ತುಂಡುಗಳನ್ನೆಲ್ಲ ಒಯ್ದು ನಿಮ್ಮ ಯಜಮಾನರ ನಾಯಿಗೂಡಿಗೆ ಹೊಡೆದುಕೊಟ್ಟಿರಿ. ಅವರು ನಿಮ್ಮ ಬೆನ್ನು ತಟ್ಟಿದ್ದನ್ನು ಮನೆಗೆ ಬಂದು ಹೇಳಿದಿರಿ. ಅಮ್ಮ ಕೇಳಿಸಿಕೊಂಡು ಗೋಡೆಯ ಕಡೆಗೆ ಹೊರಳಿದಳು. ನಾಯಿ ಬೆಚ್ಚಗಿತ್ತು. ಅಮ್ಮ ಹಟಮಾರಿ ಎಂದು ನೀವು ಈಗ ಬರೆಯುತ್ತೀರಿ.

ಎರಡನೇ ಕೋಣೆಯ ಉಣ್ಣೆಯ ಕಟ್ಟು ಮೆಟ್ಟಿಲ ಕೆಳಗೆ ಇದೆ, ಇನ್ನೂ ಬಿಚ್ಚಿಲ್ಲ. ನನಗೆ ಒಂದು ಸಾಲು ಬರೆದು ಕಳಿಸಿ: ಆ ಗೋಡೆಗೆ ಆ ಹಾಳೆ ಸಾಲದು ಎಂದು ಗೊತ್ತಿದ್ದೇ ಹಾಕಲು ಹೇಳಿದೆ, ಅಂತ. ಅಷ್ಟೇ. ಅದು ಬಂದ ಮಾರನೆಯ ದಿನ ಮೇಸ್ತ್ರಿಯನ್ನು ಕರೆಸಿ ಹಲಗೆ ಬಿಚ್ಚಿಸುತ್ತೇನೆ.

ಬರೆಯದಿದ್ದರೂ ನೀವು ಬರಬಹುದು. ಹಾಸಿಗೆ ಹಾಸಿದೆ.

ನಿಮ್ಮ ಮಗಳು


ಅಕ್ಟೋಬರ್ 17

ಮಗಳೇ,

ಹೆತ್ತ ಅಪ್ಪನಿಗೆ ಬೋನು ಇಟ್ಟು ಮರೆಯಲ್ಲಿ ಕೂತು ನೋಡುವವಳು ನೀನು. ನನ್ನ ರಕ್ತವೇ, ಅನುಮಾನವಿಲ್ಲ.

ನಾನು ಯಾವ ಸಾಲನ್ನೂ ಬರೆಯುವುದಿಲ್ಲ. ಆ ಗೋಡೆಗೆ ಬೆಳ್ಳಿ ಹಾಳೆ ಸಾಕು ಎಂದು ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಮಲಗಿ ತೋರಿಸುತ್ತೇನೆ ಎಂದಿದ್ದೆ, ತೋರಿಸುತ್ತೇನೆ. ನನಗೆ ಹೋಗಲು ಬೇರೆ ಜಾಗವಿದ್ದಿದ್ದರೆ ನಿನ್ನ ಹೊಸ್ತಿಲು ತುಳಿಯುತ್ತಿರಲಿಲ್ಲ ಎನ್ನುವುದೂ ನಿನಗೆ ಗೊತ್ತು, ನನಗೂ ಗೊತ್ತು.

ತಿಂಗಳ ಕೊನೆಯ ಶನಿವಾರದ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಅಳಿಯಂದಿರನ್ನು ಕಳಿಸು, ನೀನು ಬರಬೇಡ.

ಅಪ್ಪ


ಜನವರಿ 16, ಮಹಡಿಯ ಕೋಣೆ

ಮಗಳೇ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದೇನೆ ಎಂದು ನಗಬೇಡ. ಬಂದ ದಿನವೇ "ಹೇಳೋದಿದ್ರೆ ಬರೆದು ಹೇಳಿ ಅಪ್ಪ" ಎಂದವಳು ನೀನು. ಅದಾದ ಮೇಲೆ ನೀನು ಈ ಮೆಟ್ಟಿಲು ಹತ್ತಿಲ್ಲ. ಹೊಸ ವರ್ಷದಿಂದ ನಾನು ಇಳಿದಿಲ್ಲ. ಇಳಿದರೆ ಮತ್ತೆ ಹತ್ತಲು ಉಸಿರು ಸಾಲುವುದಿಲ್ಲ. ಈ ಕಾಗದವನ್ನು ನಿಮ್ಮ ಅತ್ತೆಯ ಕೈಲಿ ಕೊಟ್ಟು ಕಳಿಸುತ್ತೇನೆ. ಅವರು ಒಡೆದು ಓದುವವರಲ್ಲ.

ಆ ಹೆಂಗಸಿನ ಕಾಟ ಹೇಳತೀರದು. ದಿನಾ ಸಾಯಂಕಾಲ ಆ ಊದಿದ ಬೆರಳುಗಳಲ್ಲಿ ಬಿಸಿನೀರಿನ ರಬ್ಬರ್ ಚೀಲ ಹಿಡಿದುಕೊಂಡು ಮೇಲೆ ಬರುತ್ತಾರೆ. ತಮ್ಮ ರಜಾಯಿಯನ್ನೂ ತಂದು ನನ್ನ ಮೇಲೆ ಹೊದಿಸಿದ್ದಾರೆ. ಬೇಡ ಎಂದರೆ ಕೇಳುವುದಿಲ್ಲ. ಮೊನ್ನೆ ಗೋಡೆ ಮುಟ್ಟಿ ನೋಡಿ, "ಈ ಗೋಡೆಗೆ ಇಂಥ ಹಾಳೆ ಅಂಟಿಸಿ ಅಂದೋನ ಕೈ ಸೇದಿಹೋಗ, ಮನುಷ್ಯರು ಮಲಗೋ ಜಾಗ ಇದು" ಎಂದರು. ನಾನು ಹೂಂಗುಟ್ಟಿದೆ. ಅವರು ಇನ್ನೂ ನನ್ನನ್ನು ದೊಡ್ಡ ಮನಸ್ಸಿನವನೆಂದೇ ತಿಳಿದಿದ್ದಾರೆ. ಅವರು ಬೈದರೆ ತಡೆದುಕೊಂಡೇನು, ಈ ಉಪಚಾರ ತಡೆಯಲಾಗುವುದಿಲ್ಲ.

ಬರೆಯಲು ಕೂತದ್ದು ಇದಕ್ಕಲ್ಲ. ಚಿಟ್ಟು ಸ್ಕೂಲಿನಿಂದ ಬಂದವಳೇ ನೇರ ಮೇಲೆ ಓಡಿ ಬರುತ್ತಾಳಲ್ಲ. ನನ್ನ ಹಾಸಿಗೆಯ ಮೇಲೆ ಹತ್ತಿ ಗೋಡೆಗೆ ಒರಗಿ ಕೂತು, ನಾನು ಕೊರೆದುಕೊಟ್ಟ ಫೋಮಿನ ಮನೆಗೆ ಬಣ್ಣ ಬಳಿಯುತ್ತಾಳೆ. ಹಲ್ಲು ಬಿದ್ದ ಬಾಯಲ್ಲಿ ಲೊಚಲೊಚ ಮಾತು. ಇಡೀ ದಿನದಲ್ಲಿ ನಾನು ಕಾಯುವುದು ಅದೊಂದು ಗಳಿಗೆಗೆ. ಅದನ್ನು ನಿನ್ನಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

ಈ ವಾರ ಅವಳು ಕೆಮ್ಮುತ್ತಿದ್ದಾಳೆ. ನಿನ್ನೆ ಅವಳು ಹೋದ ಮೇಲೆ ಚಾಕುವಿನಿಂದ ಹಲಗೆಯ ಒಂದು ಮೂಲೆ ಎಬ್ಬಿಸಿ ನೋಡಿದೆ. ಹಾಳೆಯ ಹಿಂದೆ ನೀರು ಇಳಿಯುತ್ತಿದೆ. ಅವಳು ಒರಗುವ ಜಾಗದ ಹಿಂದೆ ಅಂಗೈ ಅಗಲಕ್ಕೂ ಮೀರಿ ಕಪ್ಪಗೆ ಬೂಷ್ಟು ಹಿಡಿದಿದೆ. ಎಳೆಯ ಎದೆಗೆ ಅದರ ಗಾಳಿ ಒಳ್ಳೆಯದಲ್ಲ. ನನ್ನದು ಹೇಗೂ ಹಾಳಾದ ಎದೆ, ಅದಕ್ಕೆ ಇನ್ನೇನಾಗಬೇಕು.

ಬಿಸಿಲು ಕಾಯುವವರೆಗೆ ಅವಳನ್ನು ಮೇಲೆ ಕಳಿಸಬೇಡ. ನನ್ನ ಬಾಯಿಂದ ಅವಳಿಗೆ ಹೇಳಲು ಆಗುವುದಿಲ್ಲ. ನೀನೇ ಏನಾದರೂ ನೆಪ ಹೇಳು.

ಇದನ್ನು ಹಾಳೆಯ ತಪ್ಪು ಎಂದು ತಿಳಿಯಬೇಡ. ಈ ವರ್ಷ ಗಾಳಿಯಲ್ಲೇ ತೇವ ಹೆಚ್ಚು.

ಅಪ್ಪ


ಜನವರಿ 17

ಅಪ್ಪ,

ನಿಮ್ಮ ಕಾಗದವನ್ನು ಅತ್ತೆ ಕೊಟ್ಟರು. ನಿಂತಲ್ಲೇ ಓದಿದೆ, ಆಮೇಲೆ ಕೂತು ಇನ್ನೊಮ್ಮೆ ಓದಿದೆ. ನೀರಿನ ಬಗ್ಗೆ ಬರೆದಿದ್ದೀರಿ, ಬೂಷ್ಟಿನ ಬಗ್ಗೆ ಬರೆದಿದ್ದೀರಿ, ಗಾಳಿಯ ತೇವದ ಬಗ್ಗೆಯೂ ಬರೆದಿದ್ದೀರಿ. ನಾನು ಕೇಳಿದ ಸಾಲು ಅದರಲ್ಲಿ ಇರಲಿಲ್ಲ.

ಚಿಟ್ಟುವನ್ನು ಡಾಕ್ಟರಿಗೆ ತೋರಿಸಿ ಬಂದೆ. ಎದೆ ಸ್ವಚ್ಛವಾಗಿದೆ, ಮಾಮೂಲಿ ಶೀತ ಎಂದರು. ಆದರೂ ನೀವು ಹೇಳಿದ್ದು ಸರಿ, ಆ ಗಾಳಿ ಅವಳಿಗೆ ಬೇಡ. ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿಸಿದ್ದೇನೆ, ಅವಳ ಕೈಗೆ ಎಟುಕದ ಹಾಗೆ. ಊಟವನ್ನು ಇನ್ನು ಮೇಲೆ ನಿಮ್ಮ ಅಳಿಯ ತಂದುಕೊಡುತ್ತಾರೆ. ಅತ್ತೆಯ ಬೆರಳಿಗೆ ಚಳಿ ಆಗಿಬರುವುದಿಲ್ಲವಾದ್ದರಿಂದ ಅವರಿಗೂ ಮೇಲೆ ಹೋಗಬೇಡಿ ಎಂದಿದ್ದೇನೆ.

ನೆಪ ಹೇಳು ಎಂದಿರಿ. ನಾನು ಹೇಳಲಿಲ್ಲ. ಚಿಟ್ಟು ಬಾಗಿಲ ಮುಂದೆ ಬಣ್ಣದ ಡಬ್ಬಿ ಹಿಡಿದು ನಿಂತು, "ನಾನು ಬರೋದು ತಾತಂಗೆ ಬೇಡ್ವಂತಾ?" ಎಂದು ಕೇಳಿದಳು. ಹೌದು, ಕಳಿಸಬೇಡ ಅಂತ ತಾತನೇ ಬರೆದಿದ್ದಾರೆ ಎಂದೆ. ತೋರಿಸು ಎಂದಳು. ನಿಮ್ಮ ಕಾಗದದಲ್ಲಿ ಆ ಸಾಲನ್ನು ತೋರಿಸಿದೆ. ಈಗೀಗ ಅವಳಿಗೆ ಓದಲು ಬರುತ್ತದೆ, ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಓದಿಕೊಂಡಳು.

ನಿಮ್ಮ ಮಗಳು